ರಾಜಮರ್ಯಾದೆಯ ಮುಳ್ಳು

ಮಾರವಾಡದ ಅರಸರು ಸರದಾರರಿಗೆ, ಕವಿಗಳಿಗೆ, ಕುದುರೆಗಳಿಗೆ ಮರ್ಯಾದೆ ಮಾಡಿದ್ದು ಹೊಸ ಸಂಗತಿಯೇನಲ್ಲ. 1940ರಲ್ಲಿ ಆ ಮರ್ಯಾದೆ ಒಂದು ಮುಳ್ಳಿನ ಗಿಡಕ್ಕೆ ಸಂದಿತು. ಜೋಧಪುರ ಸಂಸ್ಥಾನ ಅದನ್ನು ರಾಜವೃಕ್ಷವೆಂದು ಸಾರಿತು, ಪ್ರಜೆಗಳೆಲ್ಲ ಅದನ್ನು ಕಾಪಾಡಬೇಕೆಂದು ಹೇಳಿತು. ಅಮೆರಿಕ ಖಂಡದಿಂದ ಬಂದ ಗಿಡ ಅದು. ನೀರು ಬೇಡುವುದಿಲ್ಲ, ಅದರ ಎಲೆಗೆ ಮೇಕೆಯೂ ಬಾಯಿ ಹಾಕುವುದಿಲ್ಲ, ಕಡಿದಷ್ಟೂ ಚಿಗುರುತ್ತದೆ. ಅಲ್ಲಿಯ ಜನ ಅದನ್ನು ಬಾವಲಿಯಾ ಎನ್ನುತ್ತಾರೆ, ಸಸ್ಯವಿಜ್ಞಾನಿಗಳು ಪ್ರೊಸೋಪಿಸ್ ಜೂಲಿಫ್ಲೋರ ಎಂದು ಬರೆಯುತ್ತಾ ಬಂದಿದ್ದಾರೆ. ನಮಗಂತೂ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ರಾಯಚೂರು, ಕೊಪ್ಪಳ, ಚಿತ್ರದುರ್ಗದ ಕಡೆ ಕೆರೆಯಂಗಳ, ಹಳ್ಳದ ದಂಡೆ, ರೈಲುಹಳಿಯ ಪಕ್ಕ ಎಲ್ಲೆಂದರಲ್ಲಿ ಪೊದೆಗಟ್ಟಿ ನಿಂತಿರುವ ಬಳ್ಳಾರಿ ಜಾಲಿಯೇ ಅದು.

2006ರ ಹೊತ್ತಿಗೆ ಅದೇ ಜೋಧಪುರದಲ್ಲಿ, ಅದೇ ಮನೆತನದ ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ, ಕಲ್ಲುಕುಟಿಗರು ಉಳಿ ಸುತ್ತಿಗೆ ಹಿಡಿದು ಅದೇ ಗಿಡವನ್ನು ಬಂಡೆಯಿಂದ ಒಂದೊಂದಾಗಿ ಬಗೆದು ತೆಗೆಯತೊಡಗಿದರು. ಅಜ್ಜ ಉಮೇದ್ ಸಿಂಗ್ ಸನ್ಮಾನಿಸಿದ ಗಿಡವನ್ನು ಮೊಮ್ಮಗ ಗಜ್ ಸಿಂಗ್ ಕಟ್ಟಿದ ಟ್ರಸ್ಟ್ ಕೀಳಿಸಿತು. ಈ ಎರಡರ ನಡುವೆ ಥಾರ್ ಮರುಭೂಮಿಯಲ್ಲಿ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು, ಮರಳುದಿಬ್ಬಗಳಿಗೆ ಕಡಿವಾಣ ಬಿತ್ತು, ಹಿಮಾಲಯದ ನೀರು ಜೈಸಲ್ಮೇರಿನವರೆಗೆ ಹರಿಯಿತು, ಹುಲ್ಲುಗಾವಲುಗಳು ಹೋದವು. ಮರುಭೂಮಿಯನ್ನು ‘ಸರಿಪಡಿಸುವುದು’ ಎಂದರೇನು ಎಂಬ ಪ್ರಶ್ನೆಗೆ ಈ ಅವಧಿಯಲ್ಲಿ ಕೊಟ್ಟ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಅರಸನನ್ನು ಸುಮ್ಮನೆ ಹಳಿಯುವಂತಿಲ್ಲ. ಅವನ ತಲೆಯ ಮೇಲಿದ್ದದ್ದು ಬರಗಾಲದ ನೆನಪು. ವಿಕ್ರಮ ಸಂವತ್ಸರ 1956, ಅಂದರೆ 1899–1900ರಲ್ಲಿ ಬಂದ ಬರವನ್ನು ಮಾರವಾಡದಲ್ಲಿ ಇಂದಿಗೂ ‘ಛಪ್ಪನಿಯಾ ಅಕಾಲ’ ಎಂದೇ ಕರೆಯುತ್ತಾರೆ. ಕಾಳು ಆಗದಿದ್ದರೆ ಒಂದು ಬಗೆಯ ಬರ, ಕಾಳಿನ ಜತೆ ಮೇವೂ ಹೋದರೆ ಇನ್ನೊಂದು ಬಗೆ. ಕಾಳು, ಮೇವು, ನೀರು ಮೂರೂ ಕೈಕೊಟ್ಟರೆ ಅದು ‘ತ್ರಿಕಾಲ’. ಛಪ್ಪನಿಯಾ ಅಂಥದ್ದು. ದನಕರುಗಳ ಹಿಂಡುಗಳೇ ನೆಲಕಚ್ಚಿದವು, ಜನ ಊರು ಬಿಟ್ಟು ಮಾಳವದ ಕಡೆ, ಸಿಂಧ್ ಕಡೆ ನಡೆದರು, ದಾರಿಯಲ್ಲೇ ಸತ್ತರು. ಉಮೇದ್ ಸಿಂಗ್ ಕಾಲದಲ್ಲೂ ಬರ ತಪ್ಪಲಿಲ್ಲ. ಇಂದು ಪ್ರವಾಸಿಗರು ಬಾಯಿ ಬಿಟ್ಟು ನೋಡುವ ಉಮೇದ್ ಭವನ ಅರಮನೆ 1929ರಿಂದ 1943ರವರೆಗೆ ಬರಪೀಡಿತರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಎದ್ದದ್ದು. ಬರದಲ್ಲಿ ಅರಮನೆ ಕಟ್ಟುವುದೇ ಎಂದು ಇಂದು ಮೂಗು ಮುರಿಯಬಹುದು. ಕೂಲಿ ಮಾತ್ರ ನಿಜವಾದದ್ದೇ.

ಅಂಥ ಬರಗಳಲ್ಲಿ ಜನರನ್ನು ಉಳಿಸಿದ ಮರ ಬೇರೆ. 1868–69ರ ರಾಜಪುತಾನ ಬರದಲ್ಲಿ ಹಳ್ಳಿಗರು ಖೇಜಡಿ ಮರದ ತೊಗಟೆಯನ್ನು ಬೀಸಿ ಹಿಟ್ಟು ಮಾಡಿ ರೊಟ್ಟಿ ತಟ್ಟಿದ್ದು ದಾಖಲಾಗಿದೆ. ಖೇಜಡಿ ಎಂದರೆ ನಮ್ಮ ಬನ್ನಿ. ಮೈಸೂರಿನ ಜಂಬೂಸವಾರಿ ಹೋಗಿ ಮುಟ್ಟುವ ಮಂಟಪದ ಹೆಸರಿನಲ್ಲಿರುವ, ಉತ್ತರ ಕರ್ನಾಟಕದಲ್ಲಿ ದಸರೆಯ ದಿನ ಬಂಗಾರವೆಂದು ಹಿರಿಯರ ಕೈಗೆ ಕೊಟ್ಟು ಕಾಲಿಗೆರಗುವ ಬನ್ನಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬನ್ನಿಯೂ ಬಳ್ಳಾರಿ ಜಾಲಿಯೂ ಬಹುಕಾಲ ಒಂದೇ ಕುಲದಲ್ಲಿ ಎಣಿಸಿಕೊಂಡ ದಾಯಾದಿಗಳು. ಮಾರವಾಡದ ರೈತ ತನ್ನ ಸಜ್ಜೆ ಹೊಲದ ನಡುವೆ ಖೇಜಡಿಯನ್ನು ಕಡಿಯದೆ ಉಳಿಸಿಕೊಂಡು ಬಂದಿದ್ದಾನೆ. ಚಳಿಗಾಲದಲ್ಲಿ ಕೊಂಬೆ ಸವರಿ ‘ಲೂಂಗ್’ ಎಂಬ ಸೊಪ್ಪನ್ನು ಒಣಗಿಸಿ ಮೇವಿಗೆ ಇಟ್ಟುಕೊಳ್ಳುತ್ತಾನೆ, ಎಳೆಗಾಯಿಯನ್ನು ‘ಸಾಂಗರಿ’ ಎಂದು ಒಣಗಿಸಿ ಪಲ್ಯ ಮಾಡುತ್ತಾನೆ. ಜಾಂಭೋಜಿ 1485ರಲ್ಲಿ ಸ್ಥಾಪಿಸಿದ ಬಿಷ್ಣೋಯಿ ಪಂಥದ 29 ನಿಯಮಗಳಲ್ಲಿ ಹಸಿ ಮರ ಕಡಿಯಬಾರದೆಂಬುದೂ ಒಂದು. 1730ರಲ್ಲಿ ಸುಣ್ಣದ ಭಟ್ಟಿಗೆ ಸೌದೆ ಬೇಕೆಂದು ಜೋಧಪುರದ ಅರಮನೆಯ ಆಳುಗಳು ಖೇಜಡಲಿ ಊರಿಗೆ ಬಂದಾಗ ಅಮೃತಾದೇವಿ ಮೊದಲುಗೊಂಡು 363 ಜನ ಮರಗಳನ್ನು ತಬ್ಬಿ ನಿಂತು ಪ್ರಾಣ ಕೊಟ್ಟರೆಂದು ಬಿಷ್ಣೋಯಿ ಪರಂಪರೆ ಹೇಳುತ್ತದೆ.

ಅಂಥ ಮರ ಊರಲ್ಲೇ ಇರುವಾಗ ಪರದೇಶದ ಮುಳ್ಳಿಗೆ ಮರ್ಯಾದೆ ಏಕೆ? ಕಾರಣ ಸರಳ. ಖೇಜಡಿ ಮೆಲ್ಲಗೆ ಬೆಳೆಯುತ್ತದೆ. ನೆಟ್ಟವನ ಮಗ ಅದರ ನೆರಳಲ್ಲಿ ಕೂರಬೇಕು. ಅರಸನಿಗಾಗಲಿ ಆಮೇಲೆ ಬಂದ ಸರ್ಕಾರಗಳಿಗಾಗಲಿ ಅಷ್ಟು ಪುರುಸೊತ್ತಿರಲಿಲ್ಲ. ಬ್ರಿಟಿಷ್ ಕಾಲದ ಅರಣ್ಯಾಧಿಕಾರಿಗಳು ಸೌದೆಯ ಅಭಾವಕ್ಕೆ ಪರಿಹಾರ ಹುಡುಕುತ್ತಾ 1877ರ ಸುಮಾರಿಗೆ ಮದರಾಸು ಪ್ರಾಂತ್ಯದ ಕಡಪದಲ್ಲಿ, ಅದೇ ಹೊತ್ತಿಗೆ ಸಿಂಧ್‌ನಲ್ಲಿ ಈ ಅಮೆರಿಕದ ಬೀಜ ಬಿತ್ತಿಸಿದ್ದರು. ಅಲ್ಲಿಂದ ಅದು ಒಣನೆಲ ಕಂಡಲ್ಲೆಲ್ಲ ಹಬ್ಬಿತು. ಉಮೇದ್ ಸಿಂಗ್‌ಗೆ ವಿಮಾನದ ಹುಚ್ಚು. ವಿಮಾನದಿಂದಲೇ ಈ ಬೀಜ ಚೆಲ್ಲಿಸಿದನೆಂದು ಜೋಧಪುರದಲ್ಲಿ ಹೇಳುತ್ತಾರೆ. ನಿಜವಿರಲಿ ಬಿಡಲಿ, ಕೆಲವೇ ದಶಕಗಳಲ್ಲಿ ಆ ಕಥೆಗೆ ತಕ್ಕಂತೆಯೇ ಗಿಡ ಎಲ್ಲೆಡೆ ಹರಡಿತ್ತು.

ಸ್ವಾತಂತ್ರ್ಯ ಬಂದಾಗ ಥಾರ್‌ನ ನಡುವೆ ಗಡಿ ಬಿತ್ತು. ದೇಶದಲ್ಲಿ ಆಹಾರದ ಕೊರತೆ, ನಿರಾಶ್ರಿತರ ನೆಲೆಯ ಚಿಂತೆ, ಅದರ ಜತೆಗೆ ಹೊಸದೊಂದು ಭಯ: ಮರುಭೂಮಿ ದಿಲ್ಲಿಯತ್ತ ನಡೆದು ಬರುತ್ತಿದೆ. 1952ರಲ್ಲಿ ರಾಜಪುತಾನ ಮರುಭೂಮಿಯ ಬಗ್ಗೆ ವಿಜ್ಞಾನಿಗಳ ವಿಚಾರಸಂಕಿರಣವೇ ನಡೆಯಿತು. ಕಳೆದ ಐವತ್ತು ವರ್ಷಗಳಿಂದ ಮರಳು ವರ್ಷಕ್ಕೆ ಅರ್ಧ ಮೈಲಿಯಂತೆ ಫಿರೋಜ್‌ಪುರ, ಪಟಿಯಾಲ, ಆಗ್ರಾದ ಕಡೆ ಬಿಲ್ಲಿನಂತೆ ಬಾಗಿ ಮುನ್ನುಗ್ಗುತ್ತಿದೆ ಎಂಬ ಮಾತು ಮೊದಲ ಪಂಚವಾರ್ಷಿಕ ಯೋಜನೆಯ ದಾಖಲೆಯಲ್ಲೂ ಸೇರಿತು. ಶತ್ರುಸೈನ್ಯದ ವರದಿ ಓದಿದ ಹಾಗಿದೆ ಅದು. ಆಮೇಲೆ ದಶಕಗಳ ಕಾಲ ಸಂಶೋಧಕರು ನೆಲ ಸುತ್ತಿ, ಉಪಗ್ರಹದ ಚಿತ್ರಗಳನ್ನು ಹೋಲಿಸಿ ನೋಡಿದರೂ ಅಂಥ ದಂಡಯಾತ್ರೆಗೆ ಸಾಕ್ಷಿ ಸಿಗಲಿಲ್ಲ. ಅತಿಯಾಗಿ ಉತ್ತ ಕಡೆ, ಅತಿಯಾಗಿ ಮೇಯಿಸಿದ ಕಡೆ, ಅಲ್ಲಲ್ಲಿ ನೆಲ ಹದಗೆಡುತ್ತಿತ್ತು. ಆದರೆ ‘ಅಲ್ಲಲ್ಲಿ ಹದಗೆಡುತ್ತಿದೆ’ ಎಂದರೆ ದಿಲ್ಲಿಯಲ್ಲಿ ಹಣ ಬಿಡುಗಡೆಯಾಗುವುದಿಲ್ಲ. ಭಯಕ್ಕೆ ಹಣ ಬಂತು, ಆ ಹಣದಲ್ಲಿ ಒಳ್ಳೆಯ ಕೆಲಸವೂ ಆಯಿತು.

1952ರಲ್ಲಿ ಜೋಧಪುರದಲ್ಲಿ ಮರುಭೂಮಿ ಅರಣ್ಯೀಕರಣ ಸಂಶೋಧನಾ ಕೇಂದ್ರ ಶುರುವಾಯಿತು. 1957ರಲ್ಲಿ ಅದಕ್ಕೆ ಮಣ್ಣಿನ ಸಂರಕ್ಷಣೆಯ ಕೆಲಸ ಸೇರಿತು. ಯುನೆಸ್ಕೋ ಕಳುಹಿಸಿದ ಸಲಹೆಗಾರ, ಆಸ್ಟ್ರೇಲಿಯದ ಸಿ.ಎಸ್. ಕ್ರಿಶ್ಚಿಯನ್ ಬಂದು ನೋಡಿ, ಬರೀ ಮರ ನೆಡುವುದರಿಂದ ಪ್ರಯೋಜನವಿಲ್ಲ, ಮಣ್ಣು, ನೀರು, ಗಿಡ, ದನ, ಮನುಷ್ಯ ಎಲ್ಲವನ್ನೂ ಒಟ್ಟಿಗೆ ಅಭ್ಯಾಸ ಮಾಡಬೇಕೆಂದರು. ಆಸ್ಟ್ರೇಲಿಯದ ಉತ್ತರ ಭಾಗದ ವಿಶಾಲ ನೆಲವನ್ನು ಹಾಗೆ ಒಟ್ಟಾಗಿ ಸಮೀಕ್ಷೆ ಮಾಡುವ ಪದ್ಧತಿ ರೂಪಿಸಿದವರಲ್ಲಿ ಅವರೂ ಒಬ್ಬರು. ಅವರ ಸಲಹೆಯಂತೆ 1959ರಲ್ಲಿ ಕೇಂದ್ರವು ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಾಯಿತು. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ಎಲ್ಲರೂ ಅದನ್ನು ‘ಕಾಜ್ರಿ’ ಎನ್ನುತ್ತಾರೆ. 1966ರಿಂದ ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಡಿಯಲ್ಲಿದೆ.

ಕಾಜ್ರಿಯ ಮೊದಲ ಹೆಸರುವಾಸಿ ಕೆಲಸ ಮರಳುದಿಬ್ಬಗಳನ್ನು ನಿಲ್ಲಿಸಿದ್ದು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಶ್ಚಿಮ ರಾಜಸ್ಥಾನದ ಅರ್ಧಕ್ಕೂ ಹೆಚ್ಚು ಭಾಗ ಮರಳುದಿಬ್ಬ, ಮರಳಿನ ಬಯಲು. ಅವೆಲ್ಲ ಓಡಾಡುವುದಿಲ್ಲ. ಹಳೆಯ ದಿಬ್ಬಗಳು ಸಾವಿರಾರು ವರ್ಷಗಳಿಂದ ನಿಂತಲ್ಲೇ ನಿಂತಿವೆ, ಅವುಗಳ ಮೈಮೇಲೆ ಹುಲ್ಲು ಕಂಟಿ ಇದೆ. ಕುರಿ ಮೇಕೆ ಹಿಂಡು ಆ ಹೊದಿಕೆಯನ್ನು ಬೋಳಿಸಿದಾಗ, ಇಲ್ಲವೇ ಟ್ರ್ಯಾಕ್ಟರ್ ಹತ್ತಿದಾಗ ನೆತ್ತಿಯ ಮರಳು ಸಡಿಲಾಗುತ್ತದೆ. ಮೇ ಜೂನ್ ತಿಂಗಳಲ್ಲಿ ನೈರುತ್ಯದಿಂದ ಬೀಸುವ ‘ಆಂಧಿ’ ಅದನ್ನೆತ್ತಿ ಹೊಲದ ಮೇಲೆ, ಬಾವಿಯೊಳಗೆ, ರೈಲುಹಳಿಯ ಮೇಲೆ ಸುರಿಯುತ್ತದೆ.

ವಿಜ್ಞಾನಿಗಳು ಕಂಡುಕೊಂಡ ಉಪಾಯಕ್ಕೆ ಯಂತ್ರ ಬೇಕಿರಲಿಲ್ಲ. ಸಿ.ಪಿ. ಭೀಮಯ್ಯ, ಆರ್.ಎನ್. ಕೌಲ್ ಮುಂತಾದವರು 1960ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮೊದಲ ಕೆಲಸ ದಿಬ್ಬಕ್ಕೆ ಬೇಲಿ ಹಾಕಿ ದನಕರು ಹೊರಗಿಡುವುದು. ಎರಡನೆಯದು, ಸುತ್ತಮುತ್ತ ಸಿಗುವ ಖೀಂಪ್, ಸಿಣಿಯಾ, ಬುಯಿ, ಕುರುಚಲು ಬೋರೆಯ ಕಂಟಿಗಳನ್ನು ಕಡಿದು ತಂದು ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಕೆಲವು ಮೀಟರ್ ಅಂತರ ಬಿಟ್ಟು, ಸಾಲುಸಾಲಾಗಿ ಮರಳಲ್ಲಿ ಹೂಳುವುದು. ಗಾಳಿ ನಾನಾ ಕಡೆಯಿಂದ ಬೀಸುವಲ್ಲಿ ಅಡ್ಡಸಾಲಿನ ಜತೆ ಉದ್ದಸಾಲನ್ನೂ ಹಾಕಿ ಚೌಕಾಬಾರದ ಮನೆಗಳಂತೆ ಹೆಣೆಯುತ್ತಿದ್ದರು. ಕಂಟಿಯ ಬುಡ ಮೇಲೆ, ತುದಿ ಕೆಳಗೆ ಮಾಡಿ ಹೂಳಿದರೂ ನಡೆಯುತ್ತದೆ, ಅದು ಚಿಗುರಬೇಕಾಗಿಲ್ಲ. ಗಾಳಿಯ ವೇಗ ನೆಲದ ಮಟ್ಟದಲ್ಲಿ ಮುರಿದರೆ ಸಾಕು. ನೆಲದ ಮೇಲೆ ಒಂದಡಿ ಎತ್ತರದೊಳಗೇ ಹೆಚ್ಚಿನ ಮರಳು ಕುಪ್ಪಳಿಸಿ ಸಾಗುವುದು. ಆಮೇಲೆ ಮುಂಗಾರಿನ ಮೊದಲ ಹದ ಮಳೆ ಬಿದ್ದ ಕೂಡಲೇ ಸಾಲುಗಳ ಮರೆಯಲ್ಲಿ ಸಸಿ ನೆಡಬೇಕು, ಹುಲ್ಲಿನ ಬೀಜ ಬಿತ್ತಬೇಕು. ಮರಳಿಗೆ ಒಂದು ಗುಣವಿದೆ. ಮೇಲಿನ ಪದರ ಒಣಗಿದ ಮೇಲೆ ಕೆಳಗಿನ ತೇವ ಸುಲಭವಾಗಿ ಆರುವುದಿಲ್ಲ. ಬೇರು ಆ ತೇವ ಮುಟ್ಟುವಷ್ಟು ದಿನ ಸಸಿ ಹೂತುಹೋಗದಂತೆ, ಬುಡ ಬಯಲಾಗದಂತೆ ಕಾದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಬೇಲಿ ಹಾಕಿದ ತುಂಡುಗಳಲ್ಲಿ ವಿಜ್ಞಾನಿಗಳು ಇನ್ನೊಂದನ್ನೂ ಕಂಡರು. ಏನೂ ನೆಡದೆ ಸುಮ್ಮನೆ ಕಾಪಾಡಿದ ಕಡೆಯೂ ಕೆಲವು ಮಳೆಗಾಲಗಳಲ್ಲಿ ಸೇವಣ್, ಧಾಮಣ್ ಹುಲ್ಲುಗಳು ತಾವಾಗಿಯೇ ಮರಳುತ್ತಿದ್ದವು. ಇಡೀ ಕಾಲಘಟ್ಟದ ಅತಿ ಬೆಲೆಬಾಳುವ ಪಾಠ ಇದೇ ಎಂದು ನನಗನ್ನಿಸುತ್ತದೆ, ಅತಿ ಕಡಿಮೆ ಬಳಕೆಯಾದ ಪಾಠವೂ ಇದೇ. ಹುಲ್ಲು ಬಂದಿತೆಂದು ಯಾವ ಮಂತ್ರಿ ಫಲಕ ಅನಾವರಣ ಮಾಡಿಯಾನು? ಎಷ್ಟು ಸಸಿ, ಎಷ್ಟು ಹೆಕ್ಟೇರ್ ಎಂಬುದು ಅರಣ್ಯ ಇಲಾಖೆಯ ಲೆಕ್ಕ. ಆ ಲೆಕ್ಕಕ್ಕೆ ಬೇಗ ಬೆಳೆಯುವ ಮರ ಬೇಕು. 1958ರಲ್ಲಿ ಇಸ್ರೇಲಿನಿಂದ ತರಿಸಿದ ಅಕೇಶಿಯ ಟಾರ್ಟಿಲಿಸ್ ಎಂಬ ಛತ್ರಿಯಾಕಾರದ ಜಾಲಿ ಇಲ್ಲಿ ಚೆನ್ನಾಗಿ ಬಂತು. ಅದೂ ಬಾವಲಿಯಾವೂ ಮರುಭೂಮಿ ಅರಣ್ಯೀಕರಣದ ಜೋಡೆತ್ತುಗಳಾದವು. ದಿಬ್ಬಗಳು ನಿಂತವು, ಹಳಿ ಉಳಿದವು, ಸೌದೆ ಸಿಕ್ಕಿತು. ಅಷ್ಟರ ಮಟ್ಟಿಗೆ ಗೆಲುವು ಗೆಲುವೇ.

ಕಾಜ್ರಿಯ ವಿಜ್ಞಾನಿಗಳು ಸ್ಥಳೀಯ ಮರವನ್ನು ಮರೆತಿರಲಿಲ್ಲ. ಖೇಜಡಿಯ ಬುಡದಲ್ಲಿ ಸಜ್ಜೆ ಏಕೆ ಹುಲುಸಾಗುತ್ತದೆ ಎಂದು ರೈತರಿಗೆ ಗೊತ್ತಿದ್ದದ್ದನ್ನು ಅವರು ಮಣ್ಣು ಅಗೆದು ಅಳೆದರು. ಮರದ ಕೆಳಗಿನ ಮಣ್ಣಲ್ಲಿ ಸಾರಜನಕ, ಸಾವಯವ ಅಂಶ ಹೆಚ್ಚು. ತಾಯಿಬೇರು ನೇರ ಕೆಳಗಿಳಿಯುವುದರಿಂದ ಮೇಲ್ಪದರದ ತೇವಕ್ಕೆ ಬೆಳೆಯ ಜತೆ ಪೈಪೋಟಿಯಿಲ್ಲ. ಕಡುಬೇಸಿಗೆಯಲ್ಲಿ, ಉಳಿದೆಲ್ಲ ಒಣಗಿ ನಿಂತಾಗ ಅದು ಚಿಗುರುತ್ತದೆ. 1980ರಲ್ಲಿ ಎಚ್.ಎಸ್. ಮಾನ್ ಮತ್ತು ಎಸ್.ಕೆ. ಸಕ್ಸೇನ ಸಂಪಾದಿಸಿದ ಪುಸ್ತಕವೇ ಖೇಜಡಿಯ ಬಗ್ಗೆ ಹೊರಬಂತು. 1983ರಲ್ಲಿ ಅದು ರಾಜಸ್ಥಾನದ ರಾಜ್ಯವೃಕ್ಷವಾಯಿತು. ಆ ಹೊತ್ತಿಗೆ ನರ್ಸರಿಗಳಲ್ಲಿ ಎಣಿಕೆಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಬೇರೆ ಗಿಡಗಳೇ.

1970ರ ದಶಕ ಮರುಭೂಮಿಗೆ ಜಾಗತಿಕ ಸುದ್ದಿಯ ಕಾಲ. ಆಫ್ರಿಕದ ಸಾಹೇಲ್ ಬರದ ಬಳಿಕ 1977ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆ ಮರುಭೂಮೀಕರಣದ ಸಮ್ಮೇಳನ ನಡೆಸಿತು. ಜೋಧಪುರದ ಪಕ್ಕದ ಲೂಣಿ ಬ್ಲಾಕಿನ ಅಧ್ಯಯನ ಭಾರತದಿಂದ ಅಲ್ಲಿಗೆ ಹೋಯಿತು. ಅದೇ ವರ್ಷ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಇವೆಲ್ಲಕ್ಕಿಂತ ಆಳವಾಗಿ ನೆಲ ಬದಲಿಸಿದ್ದು ಕಾಲುವೆ. ಬಿಕಾನೇರ್ ಸಂಸ್ಥಾನದ ಎಂಜಿನಿಯರ್ ಕಂವರ್ ಸೇನ್ 1948ರಲ್ಲಿ ಮುಂದಿಟ್ಟ ಯೋಜನೆಗೆ 1958ರ ಮಾರ್ಚ್ 31ರಂದು ಗೋವಿಂದ ವಲ್ಲಭ ಪಂತ್ ಶಂಕುಸ್ಥಾಪನೆ ಮಾಡಿದರು. ಪಂಜಾಬಿನ ಹರಿಕೆಯಿಂದ ಹೊರಟು ಸುಮಾರು 650 ಕಿಲೋಮೀಟರ್ ಬಂದ ನೀರು 1987ರಲ್ಲಿ ಜೈಸಲ್ಮೇರ್ ಜಿಲ್ಲೆಯ ಮೋಹನ್‌ಗಢ ಮುಟ್ಟಿತು. ಈಗ ಅದರ ಹೆಸರು ಇಂದಿರಾ ಗಾಂಧಿ ಕಾಲುವೆ. ಗಂಗಾನಗರ, ಹನುಮಾನ್‌ಗಢದ ಕಡೆ ಗೋಧಿ, ಹತ್ತಿ ಬೆಳೆಯಿತು, ಕುಡಿಯುವ ನೀರು ಬಂತು. ಇದನ್ನು ಆ ಊರುಗಳ ಹೆಂಗಸರ ಮುಂದೆ ನಿಂತು ಟೀಕಿಸುವ ಧೈರ್ಯ ಯಾರಿಗೂ ಬರಲಾರದು. ಆದರೆ ಅನೇಕ ಕಡೆ ಮರಳಿನ ಕೆಳಗೆ ಜಿಪ್ಸಂನ ಗಟ್ಟಿ ಪದರವಿತ್ತು. ಹಾಯಿಸಿದ ನೀರು ಇಂಗಲು ದಾರಿಯಿಲ್ಲದೆ ಮೇಲೆದ್ದು ಹೊಲಗಳೇ ಜವುಳಾದವು, ಉಪ್ಪು ಬಿಳಿಚಿತು. ಮಳೆ ಕಾಣದ ನಾಡಿನಲ್ಲಿ ನೀರು ಹೆಚ್ಚಾಗಿ ಊರು ಬಿಟ್ಟವರಿದ್ದಾರೆ.

ನೀರು ಬಂದಲ್ಲಿ ನೇಗಿಲು ಬಂತು, ನೇಗಿಲು ಬಂದಲ್ಲಿ ಸೇವಣ್ ಹುಲ್ಲುಗಾವಲು ಹೋಯಿತು. ಒಮ್ಮೆ ಬೇರೂರಿದರೆ ಹಲವು ವರ್ಷ ಬಾಳುವ, ಮರಳನ್ನು ಬೇರುಗಳ ಬಲೆಯಲ್ಲಿ ಹಿಡಿದಿಡುವ ಆ ಹುಲ್ಲು ಒಂದೇ ಉಳುಮೆಗೆ ಸಾಯುತ್ತದೆ. ಅಲ್ಲಿಯೇ ಮೊಟ್ಟೆಯಿಡುವ ಗೋಡಾವಣ್ ಹಕ್ಕಿಗೂ ನೆಲೆ ತಪ್ಪಿತು. ನಮ್ಮಲ್ಲಿ ಎರೆಭೂತ ಎಂದು ಕರೆಯುವ ಆ ಹಕ್ಕಿಯ ಕಥೆ ಇಲ್ಲೂ ಹೆಚ್ಚು ಬೇರೆಯಿಲ್ಲ. ರಾಣೆಬೆನ್ನೂರಿನ ಬಯಲಿಗೆ ನೀಲಗಿರಿ ನೆಟ್ಟು ಕಾಡು ಮಾಡಿದೆವು, ಹಕ್ಕಿ ಅಲ್ಲಿಂದ ಮರೆಯಾಯಿತು. ಈಗ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡರೆ ಅದೇ ಪುಣ್ಯ. ಬಯಲೆಂದರೆ ಖಾಲಿ ಜಾಗ, ಅಲ್ಲಿ ಏನಾದರೂ ತುಂಬಬೇಕು ಎಂಬ ಬುದ್ಧಿ ಥಾರ್‌ನಲ್ಲಿ ಮಾತ್ರ ಹುಟ್ಟಿದ್ದಲ್ಲ.

ಈ ನಡುವೆ ರಾಜವೃಕ್ಷ ತನ್ನ ಪಾಡಿಗೆ ತಾನು ರಾಜ್ಯ ವಿಸ್ತರಿಸುತ್ತಿತ್ತು. ದನಕ್ಕೆ ಅದರ ಎಲೆ ಬೇಡ, ಸಿಹಿಯಾದ ಕಾಯಿ ಬೇಕು. ಬೀಜ ಸಗಣಿಯೊಂದಿಗೆ ಬಿದ್ದಲ್ಲಿ ಮೊಳೆಯುತ್ತದೆ. ಅದರ ಕೆಳಗೆ ಬೇರೆ ಹುಲ್ಲು ಏಳುವುದು ಕಷ್ಟ. ಕಛ್‌ನ ಬನ್ನಿ ಹುಲ್ಲುಗಾವಲಲ್ಲಿ (ಹೆಸರು ಬನ್ನಿಯೇ, ನಮ್ಮ ಮರಕ್ಕೂ ಅದಕ್ಕೂ ನಂಟಿಲ್ಲ) ಗುಜರಾತ್ ಅರಣ್ಯ ಇಲಾಖೆ ರಣದ ಉಪ್ಪು ಮುಂದೊತ್ತದಂತೆ ತಡೆಯಲೆಂದು 1961ರ ಸುಮಾರಿಗೆ 31,550 ಹೆಕ್ಟೇರ್‌ನಲ್ಲಿ ಇದನ್ನು ನೆಟ್ಟಿತು. ಇಂದು ಸುಮಾರು 2,500 ಚದರ ಕಿಲೋಮೀಟರ್ ಬಯಲಿನ ಅರ್ಧಕ್ಕೂ ಹೆಚ್ಚು ಭಾಗ ಅದರ ಕೈಯಲ್ಲಿದೆ. ಅಲ್ಲಿಯವರ ಬಾಯಲ್ಲಿ ಅದು ‘ಗಾಂಡೋ ಬಾವಳ್’, ಹುಚ್ಚು ಜಾಲಿ. ಮಾಲ್ಧಾರಿ ದನಗಾಹಿಗಳ ಸಂಘಟನೆಗಳೊಂದಿಗೆ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಅಂಕಿಲಾ ಹಿರೇಮಠ, ಅಬಿ ತಮೀಮ್ ವನಕ್ ಮೊದಲಾದ ಪರಿಸರ ವಿಜ್ಞಾನಿಗಳು ಅಲ್ಲಿ ಅಭ್ಯಾಸ ನಡೆಸುತ್ತಾ ಬಂದಿದ್ದಾರೆ. ಗಿಡವನ್ನು ಬುಡಸಮೇತ ತೆಗೆದ ಜಾಗದಲ್ಲಿ ಮಳೆ ಬಿದ್ದ ಮೇಲೆ ಹುಲ್ಲು ಮರಳುತ್ತದೆ. ತೆಗೆದು ಸುಮ್ಮನಾದರೆ ಹುಲ್ಲಿಗಿಂತ ಮೊದಲು ಗಿಡವೇ ಮರಳುತ್ತದೆ.

ಇದನ್ನು ಖಳನೆಂದು ಬಣ್ಣಿಸಿ ಮುಗಿಸುವುದು ಸುಲಭ. ಆದರೆ ಪಶ್ಚಿಮ ರಾಜಸ್ಥಾನದಿಂದ ನಮ್ಮ ರಾಯಚೂರಿನವರೆಗೆ ಬಡವರ ಒಲೆ ಉರಿದದ್ದು ಇದರ ಸೌದೆಯಿಂದ. ಇದ್ದಿಲು ಸುಟ್ಟು ಮಾರಿ ಬದುಕುವ ಕುಟುಂಬಗಳು ಕಛ್‌ನಲ್ಲೂ ಇವೆ, ನಮ್ಮಲ್ಲೂ ಇವೆ. ಈ ಮುಳ್ಳು ಇಲ್ಲದಿದ್ದರೆ ಕೊಡಲಿ ಯಾವ ಮರದ ಮೇಲೆ ಬೀಳುತ್ತಿತ್ತು ಎಂದು ಕಾಜ್ರಿಯ ಹಳಬರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಜೋಧಪುರದ ಕೋಟೆಯ ಬುಡಕ್ಕೆ ಬರೋಣ. ರಾವ್ ಜೋಧಾ 1459ರಲ್ಲಿ ಕಟ್ಟಿಸಲು ತೊಡಗಿದ ಮೆಹ್ರಾನ್‌ಗಢ ನಿಂತಿರುವುದು ಎಪ್ಪತ್ತು ಕೋಟಿ ವರ್ಷಕ್ಕೂ ಹಳೆಯ ಜ್ವಾಲಾಮುಖಿ ಶಿಲೆಯ ಮೇಲೆ. ಕೋಟೆಯ ಬದಿಯಲ್ಲಿ ಸುಮಾರು 70 ಹೆಕ್ಟೇರ್ ಬಂಡೆನೆಲ ಹಾಳುಬಿದ್ದು, ತುಂಬಾ ಬಾವಲಿಯಾ ಬೆಳೆದಿತ್ತು. ಕೋಟೆ ನೋಡಿಕೊಳ್ಳುವ ಟ್ರಸ್ಟ್ ಅದನ್ನು ಹಸನು ಮಾಡಿಕೊಡಿ ಎಂದು ಪ್ರದೀಪ್ ಕೃಷನ್ ಅವರನ್ನು ಕೇಳಿತು. ಅವರು ಸಸ್ಯಶಾಸ್ತ್ರ ಓದಿ ಬಂದವರಲ್ಲ. ‘ಮ್ಯಾಸಿ ಸಾಹಿಬ್’ ಸಿನಿಮಾ ಮಾಡಿದವರು, ಆಮೇಲೆ ಮರಗಳ ಹಿಂದೆ ಬಿದ್ದು ದಿಲ್ಲಿಯ ಮರಗಳ ಬಗ್ಗೆ ಹೆಸರಾದ ಪುಸ್ತಕ ಬರೆದವರು.

ಮೊದಲ ಸಮಸ್ಯೆ ಬಾವಲಿಯಾವನ್ನು ಕೊಲ್ಲುವುದು. ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಹತ್ತು ಚಿಗುರೊಡೆಯುತ್ತದೆ. ಚಿಗುರುವ ಮೊಗ್ಗುಗಳಿರುವುದು ಬೇರಿನ ಮೇಲ್ಭಾಗದಲ್ಲಿ, ನೆಲದಿಂದ ಒಂದು ಒಂದೂವರೆ ಅಡಿಯೊಳಗೆ. ಅಷ್ಟನ್ನು ತೆಗೆದರೆ ಉಳಿದ ಬೇರು ಸಾಯುತ್ತದೆ. ಮಣ್ಣಾಗಿದ್ದರೆ ಹಾರೆ ಗುದ್ದಲಿ ಸಾಕು. ಇಲ್ಲಿ ಬೇರು ಇಳಿದಿದ್ದು ಬಂಡೆಯ ಬಿರುಕಿನೊಳಗೆ. ಕೊನೆಗೆ ಕೈಹಿಡಿದವರು ಖಂಡವಾಲಿಯಾ ಎಂಬ ಸಮುದಾಯದ ಕಲ್ಲುಗಣಿಯವರು, ತಲೆತಲಾಂತರದಿಂದ ಜೋಧಪುರದ ಮರಳುಗಲ್ಲು ತೆಗೆದು ಬದುಕಿದವರು. ಬಂಡೆಯ ಮೇಲೆ ಸುತ್ತಿಗೆಯಿಂದ ತಟ್ಟುತ್ತಾರೆ, ಕಿವಿಗೊಡುತ್ತಾರೆ. ಸದ್ದಿನಿಂದಲೇ ಬಿರುಕು ಎಲ್ಲಿದೆ, ಉಳಿ ಎಲ್ಲಿಟ್ಟರೆ ಕಲ್ಲು ಯಾವ ಕಡೆ ಸೀಳುತ್ತದೆ ಎಂದು ಅವರಿಗೆ ತಿಳಿಯುತ್ತದೆ. ಗಿಡದ ಸುತ್ತ ಬಂಡೆ ಒಡೆದು, ಒಂದೂವರೆ ಅಡಿ ಆಳದವರೆಗೆ ಬೇರನ್ನು ಬಿಡಿಸಿ ತೆಗೆದರು. ಒಂದೊಂದು ಗಿಡ ತೆಗೆದಲ್ಲೂ ಬಂಡೆಯಲ್ಲಿ ಒಂದು ಗುಂಡಿ ಉಳಿಯಿತು. ಸಸಿ ನೆಡಲು ಬೇರೆ ಗುಂಡಿ ತೋಡುವ ಕೆಲಸವೇ ಬೀಳಲಿಲ್ಲ.

ಏನು ನೆಡಬೇಕು ಎಂಬುದು ಎರಡನೆಯ ಪ್ರಶ್ನೆ. ಮರಳಿನ ಗಿಡ ಬಂಡೆಗೆ ಒಗ್ಗುವುದಿಲ್ಲ. ಕಾಜ್ರಿಯ ಅರ್ಧ ಶತಮಾನದ ಅರಣ್ಯೀಕರಣ ಹೆಚ್ಚಾಗಿ ಮರಳಿನ ಮೇಲೆ ನಡೆದದ್ದು, ಹಾಳಾದ ಬಂಡೆನೆಲಕ್ಕೆ ಅದರ ಸ್ವಂತ ಗಿಡಗಳನ್ನು ಮರಳಿಸುವ ಕೈಪಿಡಿ ಎಲ್ಲೂ ಇರಲಿಲ್ಲ. ಆದ್ದರಿಂದ ಪ್ರದೀಪ್ ಮತ್ತು ಸಂಗಡಿಗರು ಥಾರ್‌ನ ಬೇರೆ ಬಂಡೆಗುಡ್ಡಗಳನ್ನು ಸುತ್ತಿ, ಮನುಷ್ಯರ ಕೈ ಅಷ್ಟಾಗಿ ತಾಗದ ಕಡೆ ಏನು ಬೆಳೆದಿದೆ ಎಂದು ನೋಡಿ ಬೀಜ ಆಯ್ದು ತಂದರು, ನರ್ಸರಿ ಮಾಡಿದರು. ಬಂಡೆಯ ಬೆನ್ನಿಗೆ ಕಚ್ಚಿಕೊಂಡು ಬೆಳೆಯುವ ಥೋರ್ ಕಳ್ಳಿ, ಗೋಂದು ಕೊಡುವ ಕುಮಟಿಯೋ, ಗುಗ್ಗುಳ, ಎಲೆಯಿಲ್ಲದೆ ಹಸಿರು ಕಡ್ಡಿಗಳಲ್ಲೇ ಬದುಕು ಮಾಡುವ ಕೇರ್, ಗೂಂದಿ, ಹಿಂಗೋಟ, ಜತೆಗೆ ಹತ್ತಾರು ಬಗೆಯ ಹುಲ್ಲು. 2011ರಲ್ಲಿ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಜನರಿಗೆ ತೆರೆಯಿತು.

ಉದ್ಯಾನವೆಂಬ ಹೆಸರು ಕೇಳಿ ಬೇಸಿಗೆಯಲ್ಲಿ ಹೋದವರಿಗೆ ನಿರಾಶೆ ಖಂಡಿತ. ಕಂದು ಬಂಡೆ, ಬೂದು ಕಡ್ಡಿ, ಒಣ ಹುಲ್ಲು. ಲಾಲ್‌ಬಾಗ್ ನೋಡಿದ ಕಣ್ಣಿಗೆ ಇದು ನೀರು ಹಾಕದೆ ಬಿಟ್ಟ ತೋಟ. ಮಳೆ ಬಿದ್ದ ವಾರದೊಳಗೆ ಅದು ಬೇರೆಯೇ ನೆಲವಾಗುತ್ತದೆ, ಆ ಹಸಿರು ಕೆಲವು ವಾರಗಳದ್ದು ಮಾತ್ರ. ವರ್ಷದ ಹೆಚ್ಚಿನ ಕಾಲ ಒಣಗಿ ಕಾಯುವುದು ಆ ನೆಲದ ಕಾಯಿಲೆಯಲ್ಲ, ಅದರ ಕ್ರಮ. 1940ರ ಅರಮನೆಗೂ 1952ರ ದಿಲ್ಲಿಗೂ ಹೊಳೆಯದೆ ಹೋದದ್ದು ಇಷ್ಟೇ. ಆಮೇಲೆ ಜೈಪುರದ ಕಿಶನ್ ಬಾಗ್‌ನಲ್ಲಿ, ಈ ಬಾರಿ ಮರಳುದಿಬ್ಬಗಳ ಮೇಲೆ, ಅದೇ ಬಗೆಯ ಕೆಲಸ ನಡೆದು 2021ರಲ್ಲಿ ತೆರೆಯಿತು. ಎರಡೂ ಸೇರಿ ನೂರೈವತ್ತು ಹೆಕ್ಟೇರ್ ಮುಟ್ಟುವುದಿಲ್ಲ, ಥಾರ್‌ನ ವಿಸ್ತಾರ ಎರಡು ಲಕ್ಷ ಚದರ ಕಿಲೋಮೀಟರ್. ಹಣವಿರುವ ಟ್ರಸ್ಟ್, ಕಾವಲಿರುವ ಬೇಲಿ ಎಲ್ಲೆಡೆ ಇರುವುದಿಲ್ಲ ಎಂಬ ಟೀಕೆಯಲ್ಲೂ ಹುರುಳಿದೆ.

ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಮಾಡಬಲ್ಲವು ಓರಣಗಳು. ಊರ ದೇವರ ಹೆಸರಿನಲ್ಲಿ ಬಿಟ್ಟ, ದನ ಮೇಯಬಹುದಾದರೂ ಕೊಡಲಿ ಹಾಕಬಾರದ ಗೋಮಾಳಗಳು ಅವು. ಕಂದಾಯ ದಾಖಲೆಯಲ್ಲಿ ಅವುಗಳಲ್ಲಿ ಅನೇಕವು ಸರ್ಕಾರಿ ಬಂಜರು. ಮೈಸೂರಿನ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಸೇರಿ ಉಪಗ್ರಹ ಚಿತ್ರಗಳಿಂದ ದೇಶದ ಒಣ ಬಯಲುಗಳ ನಕಾಶೆ ತಯಾರಿಸಿದಾಗ ಹುಲ್ಲು, ಕುರುಚಲು, ಮರಳು, ಬಂಡೆಯ ಇಂಥ ಸಹಜ ನೆಲ ಭಾರತದ ಹತ್ತನೇ ಒಂದು ಭಾಗದಷ್ಟಿದೆ ಎಂದು ಕಂಡಿತು. ಸರ್ಕಾರದ ಬಂಜರುಭೂಮಿ ನಕಾಶೆಯಲ್ಲಿ ಅದರ ಬಹುಪಾಲು ಪಾಳು ಎಂದೇ ಬಣ್ಣ ಪಡೆದಿದೆ. ಪಾಳು ಎಂದ ಮೇಲೆ ಸೌರ ವಿದ್ಯುತ್ ಕಂಪನಿಗೆ ಗುತ್ತಿಗೆ ಕೊಡಲು ಯಾರ ಅಡ್ಡಿ? ಜೈಸಲ್ಮೇರಿನ ಹಳ್ಳಿಗರು ತಮ್ಮ ಓರಣಗಳನ್ನು ದಾಖಲೆಗೆ ಸೇರಿಸಿ ಎಂದು ಪಾದಯಾತ್ರೆ ಮಾಡಿದರು. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ದೇವರ ಕಾಡುಗಳನ್ನು ನೆಲದ ಮೇಲೂ ಉಪಗ್ರಹದಿಂದಲೂ ಗುರುತಿಸಿ ಅರಣ್ಯವೆಂದು ದಾಖಲಿಸಬೇಕೆಂದು ಆದೇಶಿಸಿತು. ಅತ್ತ ಬಿಕಾನೇರ್, ಫಲೋದಿಯ ಕಡೆ ಸೌರ ಫಲಕಗಳಿಗೆ ಜಾಗ ಮಾಡಲು ಖೇಜಡಿ ಕಡಿಯುವುದನ್ನು ವಿರೋಧಿಸಿ ಬಿಷ್ಣೋಯಿಗಳು ಧರಣಿ ಕೂತಿದ್ದಾರೆ.

ಜೋಧಪುರದಲ್ಲಿ ಕಾಜ್ರಿ ತನ್ನ ಆವರಣದಲ್ಲೇ 105 ಕಿಲೋವಾಟ್‌ನ ಸೌರ ಘಟಕವೊಂದನ್ನು ಹಾಕಿ, ಫಲಕಗಳ ಸಾಲುಗಳ ನಡುವೆ ಹೆಸರು, ಮಡಕಿ, ಜೀರಿಗೆ ಬೆಳೆದು ನೋಡುತ್ತಿದೆ. ಫಲಕಗಳ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟು ಧೂಳು ತೊಳೆಯಲು, ಬೆಳೆಗೆ ಹಾಯಿಸಲು ಬಳಸುತ್ತಾರೆ. ಬಿಸಿಲು ಮಾರುವ ಕಂಪನಿಗಳ ಸಾವಿರಾರು ಎಕರೆಯ ಅಂಗಳಗಳಲ್ಲಿ ಮಾತ್ರ ಈ ಏರ್ಪಾಡು ಇನ್ನೂ ಅಪರೂಪ.